ಅಳಿಯರಾಯರ ಟ್ರೋಜನ್

17 ನವೆಂಬರ್ 2024, ಭಾನುವಾರ ರಾತ್ರಿ

ಮಧ್ಯಾಹ್ನ ಒಂದು ನಿದ್ದೆ ತೆಗೆಯೋಣ ಅಂತ ಮಲಗಿದ್ದೆ. ಅಕ್ಕನ ಫೋನು. "ಬೇಗ ಬಾರೋ, ಇವನು ಕಂಪ್ಯೂಟರಿಗೆ ಏನೋ ವೈರಸ್ ಹತ್ತಿಸಿಬಿಟ್ಟಿದಾನೆ. ಕೆಂಪಗೆ ಏನೇನೋ ಬರ್ತಿದೆ. ನಾನು ಪ್ಲಗ್ಗೇ ಕಿತ್ತುಹಾಕಿದೀನಿ." ಹಿಂದಿನಿಂದ ಅಳಿಯರಾಯರ ಕೂಗು: "ನಾನೇನೂ ಹತ್ತಿಸಿಲ್ಲ ಮಾಮಾ, ಅದು ನಾನೇ ಬರೆದಿದ್ದು!" ಈ ಸಮಜಾಯಿಷಿಯಿಂದ ಅಕ್ಕನ ಗಾಬರಿ ಇನ್ನಷ್ಟು ಏರಿತು.

ನಡೆದದ್ದು ಇಷ್ಟು. ಹುಡುಗ ಪ್ರೋಗ್ರಾಂ ಬರೆಯೋ ಭಾಷೆ ಪೈಥಾನ್ ಕಲೀತಿದಾನಲ್ಲ, ತಂಗಿ ಪುಟ್ಟಿಗೆ ಮಗ್ಗಿ ಬಾಯಿಗೆ ಬರ್ತಿಲ್ಲ ಅಂತ ಅವಳಿಗಾಗಿ ಒಂದು ಪ್ರೋಗ್ರಾಂ ಬರೆದಿದಾನೆ. ಎರಡು ಸಂಖ್ಯೆ ತೋರಿಸಿ ಗುಣಲಬ್ಧ ಕೇಳುತ್ತೆ. ಸರಿಯಾದರೆ "ಭೇಷ್ ಪುಟ್ಟಿ", ತಪ್ಪಾದರೆ "ಇನ್ನೊಂದ್ಸಲ ನೋಡೇ ಕತ್ತೆ". (ಕತ್ತೆ ತೆಗೆಯಬೇಕು ಅಂತ ಅಮ್ಮನ ಆಜ್ಞೆಯಾಗಿದೆ.) ಪುಟ್ಟಿ ಕಮಾಂಡು ಗಿಮಾಂಡು ಎಲ್ಲ ಟೈಪ್ ಮಾಡೋಳಲ್ಲ, ಐಕಾನ್ ಒತ್ತಿದರೆ ಶುರುವಾಗಬೇಕು. ಅದಕ್ಕೆ ಪೈಇನ್‌ಸ್ಟಾಲರ್ ಅನ್ನೋದನ್ನ ತಾನೇ ಹುಡುಕಿಕೊಂಡು ಎಲ್ಲ ಸೇರಿಸಿ ಒಂದೇ ಇಎಕ್ಸ್‌ಇ ಫೈಲ್ ಮಾಡಿದಾನೆ. ಅಲ್ಲಿಗೆ ಮನೆಯ ಆಂಟಿವೈರಸ್ಸಿಗೆ ಎಚ್ಚರ ಆಯ್ತು.

ನಾನು ಹೋಗಿ ಪ್ಲಗ್ ಹಾಕಿ ಇನ್ನೊಮ್ಮೆ ಮಾಡಿಸಿ ನೋಡಿದೆ. ಫೋಲ್ಡರಿನಲ್ಲಿ ಫೈಲ್ ಮೂಡಿತು, ಮೌಸ್ ಅದರ ಹತ್ತಿರ ಒಯ್ಯುವಷ್ಟರಲ್ಲಿ ಇಲ್ಲ. ಬಲಗಡೆ ಮೂಲೆಯಲ್ಲಿ ಪೆಟ್ಟಿಗೆ ಎದ್ದಿತು: ಟ್ರೋಜನ್ (ಸಾಧು ವೇಷದ ವೈರಸ್ಸು) ಪತ್ತೆಯಾಗಿದೆ, ಕ್ವಾರಂಟೈನ್‌ಗೆ (ಅನುಮಾನದ ಫೈಲು ಕೂಡಿಹಾಕೋ ಜಾಗಕ್ಕೆ) ಹಾಕಲಾಗಿದೆ, ನೀವೇನೂ ಮಾಡಬೇಕಾಗಿಲ್ಲ. ಈ ಕೊನೇ ಮಾತು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ಹುಡುಗ ಬೆಳಗಿನಿಂದ ಕೂತು ಮಾಡಿದ್ದನ್ನ ಎತ್ತಿಕೊಂಡು ಹೋಗಿ ಆರಾಮಾಗಿರಿ ಅಂತ ಹೇಳೋದು ಯಾವ ಸೀಮೆ ಮರ್ಯಾದೆ?

ಆದರೆ ಅಳಿಯ ಕೇಳಿದ ಪ್ರಶ್ನೆ ಬೇರೆಯೇ. "ಮಾಮಾ, ಇದ್ರಲ್ಲಿ ಯಾವ ಸಾಲು ವೈರಸ್ಸು?"

ಅಕ್ಕ ಪ್ಲಗ್ ಕೀಳುವ ಮುಂಚೆ ಅದನ್ನೇ ಹುಡುಕ್ತಾ ಕೂತಿದ್ದನಂತೆ. ಮೊದಲು ಅಂಕಿಗಳನ್ನ ಮನಬಂದಂತೆ ಆರಿಸೋ ಸಾಲು ತೆಗೆದ. ಆಗಲೂ ಟ್ರೋಜನ್. ಸ್ಕೋರ್ ಫೈಲಿಗೆ ಬರೆಯೋ ಭಾಗ ತೆಗೆದ. ಟ್ರೋಜನ್. ಹೀಗೇ ತೆಗೀತಾ ತೆಗೀತಾ ಕೊನೆಗೆ ಪರದೆ ಮೇಲೆ "ನಮಸ್ಕಾರ" ಅಂತ ತೋರಿಸೋ ಒಂದೇ ಸಾಲು ಉಳಿಸಿ ಇಎಕ್ಸ್‌ಇ ಮಾಡಿದಾನೆ. ಅದೂ ಟ್ರೋಜನ್ನೇ. "ಅಂದ್ರೆ ನಮಸ್ಕಾರ ಅನ್ನಬಾರದಾ?" ಅಂದ. ನಗು ಬಂತು, ಹೆಮ್ಮೆಯೂ ಆಯ್ತು. ದೊಡ್ಡವರು ಎಷ್ಟೋ ಜನಕ್ಕೆ ಹೀಗೆ ಒಂದೊಂದೇ ತೆಗೆದು ನೋಡೋ ತಾಳ್ಮೆ ಇರಲ್ಲ.

"ನಿನ್ನ ಸಾಲಲ್ಲಿ ಏನೂ ಇಲ್ಲ ಕಣೋ," ಅಂತ ಹೇಳಿದೆ. ಪೈಇನ್‌ಸ್ಟಾಲರ್ ಪ್ರತಿ ಇಎಕ್ಸ್‌ಇ ಮುಂದೆ ತನ್ನದೇ ಒಂದು ತುಣುಕು ಜೋಡಿಸುತ್ತೆ, ಬೂಟ್‌ಲೋಡರ್ ಅಂತ. ಫೈಲ್ ತೆರೆದ ಕೂಡಲೇ ಅದು ಒಳಗಿನ ಗಂಟು ಬಿಚ್ಚಿ ಟೆಂಪ್ ಫೋಲ್ಡರಿಗೆ ಹರಡಿ, ಅಲ್ಲಿಂದ ಪೈಥಾನನ್ನ ಓಡಿಸುತ್ತೆ. ವೈರಸ್ ಬರೆಯೋರೂ ಪೈಥಾನಿನಲ್ಲಿ ಬರೀತಾರೆ, ಇದೇ ಪೈಇನ್‌ಸ್ಟಾಲರಿನಲ್ಲೇ ಗಂಟು ಕಟ್ತಾರೆ. ಹಾಗಾಗಿ ಅವರ ಫೈಲಿನ ಮುಂಭಾಗವೂ ನಿನ್ನದರ ಮುಂಭಾಗವೂ ಒಂದೇ. ಒಬ್ಬನೇ ದರ್ಜಿ ಹೊಲಿದ ಅಂಗಿ ಕಳ್ಳನ ಮೈಮೇಲೂ ಇತ್ತು, ನಿನ್ನ ಮೈಮೇಲೂ ಇದೆ. ಆಂಟಿವೈರಸ್ಸು ಅಂಗಿ ನೋಡಿ ಕೊರಳಪಟ್ಟಿ ಹಿಡಿದಿದೆ. ಜೊತೆಗೆ ನಿನ್ನ ಫೈಲನ್ನ ಈ ಪ್ರಪಂಚದಲ್ಲಿ ಇನ್ಯಾರೂ ಇಳಿಸಿಕೊಂಡಿಲ್ಲ, ಬರೆದವರು ಯಾರು ಅಂತ ತೋರಿಸೋ ಡಿಜಿಟಲ್ ಸಹಿ ಅದಕ್ಕಿಲ್ಲ, ಹುಟ್ಟಿ ಹತ್ತು ನಿಮಿಷ ಆಗಿಲ್ಲ. ಪರಿಚಯ ಇಲ್ಲದ್ದು ಅನ್ನೋದೇ ಅದರ ಲೆಕ್ಕದಲ್ಲಿ ಅರ್ಧ ಅಪರಾಧ.

ಇದೇ ನನಗೆ ಸರಿ ಕಾಣದ್ದು. ದೊಡ್ಡ ಕಂಪನಿಯ ಪ್ರೋಗ್ರಾಮನ್ನ ತಪ್ಪಾಗಿ ಹಿಡಿದರೆ ಸಂಜೆಯೊಳಗೆ ಸರಿಪಡಿಸ್ತಾರೆ, ಕೇಳೋರು ಇರ್ತಾರೆ. ಒಬ್ಬನೇ ಕೂತು ಬರೆದು ಪುಕ್ಕಟೆ ಹಂಚುವವನ ಪ್ರೋಗ್ರಾಮನ್ನ ಹಿಡಿದರೆ ಬೈಸಿಕೊಳ್ಳೋನೂ ಅವನೇ, "ನಿಮ್ಮದರಲ್ಲಿ ವೈರಸ್ ಇದೆಯಂತೆ" ಅಂತ. ಸಹಿ ಬೇಕು ಅಂದರೆ ಸರ್ಟಿಫಿಕೇಟಿಗೆ ದುಡ್ಡು ಕಟ್ಟಬೇಕು, ಅವಧಿ ಮುಗಿದಾಗ ಮತ್ತೆ ಕಟ್ಟಬೇಕು.

ಹುಡುಗನ ಮುಖ ಇನ್ನೂ ಸಪ್ಪಗಿತ್ತು. ಅದಕ್ಕೇ ಹಳೇ ಕತೆಗಳನ್ನ ತೆಗೆದೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಅನ್ನೋ ಆಂಟಿವೈರಸ್ಸಿನ ಒಂದು ಅಪ್‌ಡೇಟು ವಿಂಡೋಸ್ ಎಕ್ಸ್‌ಪಿ ಓಡೋಕೆ ಬೇಕೇ ಬೇಕಾದ ಅದರ ಸ್ವಂತ ಎಸ್‌ವಿಸಿಹೋಸ್ಟ್ ಫೈಲನ್ನೇ ವೈರಸ್ ಅಂತ ಹಿಡಿದು, ಕಚೇರಿ ಕಚೇರಿಗಳಲ್ಲಿ ಕಂಪ್ಯೂಟರುಗಳು ತಾವಾಗೇ ಆಫ್ ಆಗಿ ಆನ್ ಆಗಿ, ನೆಟ್‌ವರ್ಕೂ ಇಲ್ಲದೆ ಒದ್ದಾಡಿದವು. ಇನ್ನೊಂದು ಇದಕ್ಕಿಂತ ಮಜಾ. 2012ರ ಸೆಪ್ಟೆಂಬರಿನಲ್ಲಿ ಸೋಫೋಸ್ ಅನ್ನೋ ಇನ್ನೊಂದು ಆಂಟಿವೈರಸ್ಸು ತನ್ನದೇ ಅಪ್‌ಡೇಟ್ ಮಾಡೋ ಪ್ರೋಗ್ರಾಮನ್ನ ಹಿಡಿದು ಒಳಗೆ ಹಾಕಿತು. ತಪ್ಪು ತಿದ್ದೋ ಅಪ್‌ಡೇಟ್ ತರಬೇಕಾದವನೇ ಒಳಗೆ! ಇದಕ್ಕೆ ಮಾತ್ರ ಅಳಿಯ ಹೊಟ್ಟೆ ಹಿಡ್ಕೊಂಡು ನಕ್ಕ. ಅಕ್ಕನೂ ನಕ್ಕಳು, ಆಮೇಲೆ, "ಇಷ್ಟೆಲ್ಲ ತಪ್ಪು ಮಾಡೋದನ್ನ ಯಾಕಪ್ಪಾ ಇಟ್ಕೊಬೇಕು? ತೆಗೆದುಹಾಕು ಅತ್ಲಾಗೆ," ಅಂದಳು. ಬೇಡ ಕಣೇ ಅಂದೆ. ಇಮೇಲಿನಲ್ಲಿ ಬಂದ ಏನನ್ನಾದರೂ ಕಣ್ಣುಮುಚ್ಚಿ ತೆರೆಯೋರಲ್ಲಿ ನಮ್ಮ ಅಕ್ಕನಿಗೇ ಮೊದಲ ಸ್ಥಾನ. ಇದನ್ನ ಅವಳ ಮುಂದೆ ಹೇಳಲಿಲ್ಲ, ಇಲ್ಲಿ ಓದ್ತಾಳೆ.

ಆಮೇಲೆ ಫೈಲನ್ನ ವೈರಸ್‌ಟೋಟಲ್ ಅನ್ನೋ ತಾಣಕ್ಕೆ ಹಾಕಿ ತೋರಿಸಿದೆ. ಅಲ್ಲಿ 70ರ ಆಸುಪಾಸು ಆಂಟಿವೈರಸ್ ಎಂಜಿನ್‌ಗಳು ಒಟ್ಟಿಗೇ ನೋಡ್ತವೆ. ಬೆರಳೆಣಿಕೆಯಷ್ಟು ಮಾತ್ರ ಕೆಂಪು, ಅವುಗಳಲ್ಲೂ ಒಮ್ಮತ ಇಲ್ಲ. ಒಂದು ಪಾಸ್‌ವರ್ಡ್ ಕಳ್ಳ ಅಂತು, ಒಂದು ಬರೀ "ಜೆನೆರಿಕ್" ಅಂತು, ಇನ್ನೊಂದು ಏನೋ ಅಂಕ ಕೊಟ್ಟು ಸುಮ್ಮನಾಯ್ತು. ಮಗ್ಗಿ ಫೈಲಾದ್ದರಿಂದ ಚಿಂತೆ ಇಲ್ಲ. ಸ್ವಂತ ಕಾಗದಪತ್ರ ಮಾತ್ರ ಅಲ್ಲಿಗೆ ಯಾರೂ ಹಾಕಬೇಡಿ, ಹಾಕಿದ್ದು ಬೇರೆಯವರ ಕೈಗೂ ಸಿಗುತ್ತೆ.

ಕ್ವಾರಂಟೈನಿನಿಂದ ಫೈಲ್ ಬಿಡಿಸಿ, ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಟ್ಟೆ. ಇಡೀ ಫೋಲ್ಡರಿಗೆ ಕೊಟ್ಟಿದ್ದರೆ ಸುಲಭ ಆಗ್ತಿತ್ತು, ಆದರೆ ನಾಳೆ ಅಲ್ಲಿಗೆ ಇನ್ನೇನು ಬಂದು ಬೀಳುತ್ತೋ. ಪುಟ್ಟಿ ಕೂತಳು. ಏಳೆಂಟಲ ಐವತ್ನಾಲ್ಕು ಅಂತ ಒತ್ತಿ ಕತ್ತೆ ಅನಿಸಿಕೊಂಡಳು. ಮನೆ ತುಂಬಾ ರಂಪ.

ಆ ಗಲಾಟೆಯ ಮಧ್ಯೆ ಅಳಿಯ ಮೆಲ್ಲಗೆ ಕೇಳಿದ: "ಹಾಗಾದ್ರೆ ಆವತ್ತು ಗೇಮ್ ಸುಲಭವಾಗಿ ಗೆಲ್ಲಿಸೋ ಚೀಟ್ ಇಳಿಸಿದಾಗ ಇದು ಹಿಡೀತಲ್ಲ ಮಾಮಾ, ಅದೂ ಸುಳ್ಳೇ ಇರಬಹುದಾ? ಅವರೂ ಹಾಗೇ ಬರೆದಿದ್ರು, ಆಂಟಿವೈರಸ್ ಸುಮ್ನೆ ತಡೆಯುತ್ತೆ, ಆಫ್ ಮಾಡಿ ಹಾಕ್ಕೊಳ್ಳಿ ಅಂತ."

ನಾನು ಎಲ್ಲೆಲ್ಲಿ ಒತ್ತಿ ಫೈಲ್ ಬಿಡಿಸಿದೆ ಅನ್ನೋದನ್ನ ಅವನು ರೆಪ್ಪೆ ಮಿಟುಕಿಸದೆ ನೋಡಿದ್ದ. ಹೊಟ್ಟೆಯಲ್ಲಿ ಏನೋ ಹಿಂಡಿದಂಗಾಯ್ತು. ಕದ್ದ ಗೇಮು, ಚೀಟು ಹಂಚೋರು ಹೇಳೋದೂ ಅದೇ, ಇವತ್ತು ನಾನು ಹೇಳಿದ್ದೂ ಅಕ್ಷರಶಃ ಅದೇ. ಇದು ನೀನೇ ಬರೆದಿದ್ದು, ಒಳಗೆ ಏನಿದೆ ಅಂತ ನಿನಗೆ ಗೊತ್ತು, ಆ ಚೀಟಿನೊಳಗೆ ಏನಿದೆ ಅಂತ ಗೊತ್ತಾ? ಅಂತ ಕೇಳಿದೆ. "ನೀನು ದಿನಾ ಹಾಕ್ಕೊಳ್ಳೋ ಎಲ್ಲಾದ್ರ ಒಳಗೂ ಏನಿದೆ ಅಂತ ನಿಂಗೆ ಗೊತ್ತಾ?" ಅಂದ. ಇಲ್ಲ. ಬರೆದವರು ಯಾರು ನೋಡು, ಅವರದೇ ತಾಣದಿಂದ ಇಳಿಸು, ಸಹಿ ನೋಡು, ಹ್ಯಾಷ್ (ಫೈಲಿನ ಬೆರಳಚ್ಚು ಇದ್ದಂಗೆ) ತಾಳೆ ಮಾಡು, ಇಷ್ಟೇ ಅಂದೆ. ಅನ್ನುತ್ತಿರುವಾಗಲೇ ಕಂಪ್ಯೂಟರಿನ ಕಸ ಗುಡಿಸೋ ಸಿಕ್ಲೀನರ್ ಅನ್ನೋ ಪ್ರೋಗ್ರಾಮಿನ 2017ರ ಕತೆ ನೆನಪಾಯ್ತು. ಅಧಿಕೃತ ತಾಣ, ಸರಿಯಾದ ಸಹಿ, ಎಲ್ಲ ಇದ್ದೂ 5.33ನೇ ಆವೃತ್ತಿಯೊಳಗೆ ಕಳ್ಳ ಕೋಡ್ ಸೇರಿಕೊಂಡು 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರಿಗೆ ಹೋಗಿತ್ತು. ಅದನ್ನ ಅವನಿಗೆ ಹೇಳಬೇಕಾ ಬೇಡವಾ ತಿಳಿಯದೆ, ನೀರು ಕುಡಿಯೋ ನೆಪದಲ್ಲಿ ಎದ್ದುಹೋದೆ. ಈ ಸಲ ಬಾಯಿ ಮುಚ್ಚಿಸಬಹುದಿತ್ತು. ಆದರೆ ಒಂದೊಂದೇ ಸಾಲು ತೆಗೆದು ನೋಡಿದ ಹುಡುಗನಿಗೆ "ದೊಡ್ಡವರು ಹೇಳಿದ್ದು ಕೇಳು" ಅನ್ನೋಕೆ ಮನಸ್ಸು ಬರಲಿಲ್ಲ.

ಹೊರಡೋ ಮುಂಚೆ ಇಬ್ಬರೂ ಕೂತು ಆಂಟಿವೈರಸ್ ಕಂಪನಿಗೆ ತಪ್ಪು ಪತ್ತೆಯ ದೂರು ಕಳಿಸಿದೆವು. ಫಾರ್ಮಿನಲ್ಲಿ ಸಂಸ್ಥೆಯ ಹೆಸರು ಕಡ್ಡಾಯ. ಅಳಿಯ ಸ್ವಲ್ಪ ಯೋಚಿಸಿ "ಅಣ್ಣ ತಂಗಿ ಸಾಫ್ಟ್‌ವೇರ್ಸ್" ಅಂತ ಬರೆದ. ಉತ್ತರ ಬರುತ್ತಂತೆ, ಫೈಲನ್ನ ಪಟ್ಟಿಯಿಂದ ತೆಗೆದರೂ ತೆಗೆಯಬಹುದು. ಈಗಷ್ಟೇ ಅವನ ಮೆಸೇಜ್ ಬಂತು, ನಾಳೆ ಭಾಗಾಕಾರವನ್ನೂ ಸೇರಿಸ್ತಾನಂತೆ, ಕತ್ತೆಯನ್ನೂ ತೆಗೀತಾನಂತೆ. ಒಂದಕ್ಷರ ಬದಲಾದರೂ ಹ್ಯಾಷ್ ಬೇರೆ, ಹ್ಯಾಷ್ ಬೇರೆಯಾದರೆ ಅದು ಮತ್ತೆ ಯಾರಿಗೂ ಪರಿಚಯ ಇಲ್ಲದ ಹೊಸ ಫೈಲು, ಅಂದರೆ ನಾಳೆ ಶಾಲೆಯಿಂದ ಬಂದಮೇಲೆ ಅವನೇ ಆ ಕ್ವಾರಂಟೈನ್ ತೆರೆದು ಫೈಲ್ ಬಿಡಿಸ್ಕೊಳ್ತಾನೆ...