‘ಇದೂ ಡೈನೋಸಾರ್ ತಾನೇ ಸಾರ್?’

ಚಿತ್ರದುರ್ಗದ ಶಾಲೆಗಳಲ್ಲಿ ಪಳೆಯುಳಿಕೆಗಳ ಚಿತ್ರ ತೋರಿಸಿ ಮಾತನಾಡುವಾಗ ಮಕ್ಕಳೂ ಮೇಷ್ಟ್ರುಗಳೂ ತಪ್ಪದೆ ಕೇಳುವ ಪ್ರಶ್ನೆಯಿದು. ಸುಮಾರು 25.2 ಕೋಟಿಯಿಂದ 20.1 ಕೋಟಿ ವರ್ಷಗಳ ಹಿಂದಿನ ಟ್ರಯಾಸಿಕ್ ಕಾಲದ ಬಹುಪಾಲು ಪ್ರಾಣಿಗಳ ವಿಷಯದಲ್ಲಿ ನನ್ನ ಉತ್ತರ ‘ಅಲ್ಲ’ ಎಂದೇ. ನಮ್ಮ ಕೋಟೆಯ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು, ಮೂಳೆಯುಳ್ಳ ಜೀವಿಗಳೇ ಇಲ್ಲದ ಕಾಲದವು. ಆದ್ದರಿಂದ ಉದಾಹರಣೆಗಳಿಗೆ ಗೋದಾವರಿ, ದಾಮೋದರ ಕಣಿವೆಗಳ ಕಡೆಗೆ ನೋಡಬೇಕಾಗುತ್ತದೆ.

ದಾಮೋದರ ಕಣಿವೆಯ ಲಿಸ್ಟ್ರೊಸಾರಸ್ ಎರಡು ಕೋರೆಹಲ್ಲು ಮತ್ತು ಕೊಕ್ಕಿನಂಥ ಬಾಯಿಯುಳ್ಳ, ಕುಳ್ಳಗಾಲಿನ ಸಸ್ಯಾಹಾರಿ. ಅದರ ತಲೆಬುರುಡೆಯಲ್ಲಿ ಕಣ್ಣಿನ ಕುಳಿಯ ಹಿಂದೆ ಪ್ರತಿ ಬದಿಗೂ ಒಂದೇ ರಂಧ್ರವಿದೆ. ಇಂಥವು ಸೈನಾಪ್ಸಿಡ್‌ಗಳು, ಅಂದರೆ ನಮ್ಮ ಸಸ್ತನಿ ವಂಶದ ಹಳೆಯ ಬಂಧುಗಳು. ಮೊಸಳೆ ಹಾಗೂ ಡೈನೋಸಾರ್‌ಗಳ ಡಯಾಪ್ಸಿಡ್ ವಂಶದಲ್ಲಿ ಅಲ್ಲಿ ಮೂಲತಃ ಎರಡು ರಂಧ್ರಗಳು.

ಈ ಬಂಧುತ್ವಕ್ಕೆ ನನ್ನ ಮಟ್ಟಿಗೆ ಇನ್ನೂ ಅದ್ಭುತವಾದ ಪುರಾವೆ ದವಡೆಯಲ್ಲಿದೆ. ಸರೀಸೃಪದ ಕೆಳದವಡೆ ಹಲವು ಮೂಳೆಗಳ ಜೋಡಣೆ. ಅದರ ಹಿಂತುದಿಯ ಆರ್ಟಿಕ್ಯುಲರ್ ಎಂಬ ಮೂಳೆ ತಲೆಬುರುಡೆಯ ಕ್ವಾಡ್ರೇಟ್ ಎಂಬ ಮೂಳೆಗೆ ಕೀಲಾಗಿ ಸೇರುತ್ತದೆ. ಸಸ್ತನಿಯಲ್ಲಾದರೋ ಹಲ್ಲುಗಳಿರುವ ಡೆಂಟರಿ ಮೂಳೆಯೊಂದೇ ಕೆಳದವಡೆ, ಕೀಲೂ ಬೇರೆ. ಟ್ರಯಾಸಿಕ್‌ನ ಸಸ್ತನಿಗಳಿಗೆ ಹತ್ತಿರದ ಸೈನಾಪ್ಸಿಡ್ ಗುಂಪಾದ ಸೈನೊಡಾಂಟ್‌ಗಳಲ್ಲಿ ಡೆಂಟರಿ ಹಿಗ್ಗುತ್ತಾ ಹಿಂದಿನ ಮೂಳೆಗಳು ಕುಗ್ಗುತ್ತಾ ಬಂದು, ಆ ಯುಗದ ಕೊನೆಯ ಹೊತ್ತಿಗೆ ಕಾಣಿಸಿಕೊಂಡ ಮೊರ್ಗನುಕೊಡಾನ್ ಎಂಬ ಪುಟ್ಟ ಪ್ರಾಣಿಯಲ್ಲಿ ಹಳೆಯ ಕೀಲು, ಹೊಸ ಕೀಲು ಎರಡೂ ಒಟ್ಟಿಗಿವೆ. ಕೀಲಿನ ಕೆಲಸದಿಂದ ಬಿಡುಗಡೆಯಾದ ಆ ಹಳೆಯ ಜೋಡಿಯೇ ನಮ್ಮ ನಡುಗಿವಿಯ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳು. ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ರೈಕರ್ಟ್ ಭ್ರೂಣಗಳನ್ನು ಪರಿಶೀಲಿಸಿ 1837ರಲ್ಲೇ ಈ ಸಂಬಂಧವನ್ನು ಗುರುತಿಸಿದ್ದರು. ಕಲ್ಲಿನಲ್ಲಿ ಸಿಕ್ಕ ದವಡೆಗಳು ಮುಂದೆ ಅದನ್ನೇ ಹೇಳಿದವು. ಈ ಭಾಗಕ್ಕೆ ಬಂದಾಗ ನಾನು ಮಾತಿನ ವೇಗವನ್ನು ತಗ್ಗಿಸುತ್ತೇನೆ, ಏಕೆಂದರೆ ಕೇಳುತ್ತಿರುವ ಕಿವಿಯೊಳಗೇ ಅದರ ಸಾಕ್ಷ್ಯವಿದೆ.

ಹೊರರೂಪವನ್ನು ನಂಬಿದರೆ ದಾರಿ ತಪ್ಪುವುದು ಸುಲಭ. ಗೋದಾವರಿ ಕಣಿವೆಯ ಪ್ಯಾರಾಸೂಕಸ್ ಉದ್ದ ಮೂತಿಯ ಮೊಸಳೆಯಂತೆಯೇ ಕಂಡರೂ ಅದರ ಮೂಗಿನ ಹೊಳ್ಳೆಗಳು ಮೂತಿಯ ತುದಿಯಲ್ಲಿಲ್ಲ, ಕಣ್ಣುಗಳ ಹತ್ತಿರಕ್ಕೆ ಸರಿದಿವೆ; ಅದು ಫೈಟೊಸಾರ್ ಎಂಬ ಬೇರೆಯೇ ಗುಂಪು. ಅಲ್ಲಿಯೇ ಸಿಕ್ಕ ಹೈಪರೊಡಪೆಡಾನ್‌ನ ಬಳಗವನ್ನು, ಬಾಗಿದ ಕೊಕ್ಕನ್ನು ಕಂಡು, ನ್ಯೂಜಿಲೆಂಡಿನಲ್ಲಿ ಇಂದಿಗೂ ಬದುಕಿರುವ ಹಲ್ಲಿಯಂಥ ಸರೀಸೃಪ ಟುವಾಟರಾದ ಜೊತೆಗೆ ಬಹುಕಾಲ ಸೇರಿಸಿದ್ದರು. ಆದರೆ ಟುವಾಟರಾದ ‘ಕೊಕ್ಕು’ ಹಲ್ಲುಗಳಿಂದಾದದ್ದು, ಹೈಪರೊಡಪೆಡಾನ್‌ನದು ಹಲ್ಲಿಲ್ಲದ ಬರೀ ಮೂಳೆ. ಈಗ ಅದನ್ನು ಮೊಸಳೆ ಮತ್ತು ಡೈನೋಸಾರ್‌ಗಳ ಕಡೆಯ ಕವಲಿನಲ್ಲಿಟ್ಟಿದ್ದಾರೆ.

ಹಾಗಾದರೆ ಡೈನೋಸಾರ್ ಯಾವುದು? ತೊಡೆಮೂಳೆಯ ತಲೆ ಕೂರುವ ಸೊಂಟದ ಗುಳಿ ಆರಪಾರವಾಗಿ ತೆರೆದಿರುವುದು, ಪಾದದ ಕೀಲು ಬಾಗಿಲಿನ ತಿರುಗಣೆಯಂತೆ ಹಿಂದೆ ಮುಂದೆ ಮಾತ್ರ ಮಡಚುವುದು ಮುಖ್ಯ ಗುರುತುಗಳು. ಗೋದಾವರಿ ಕಣಿವೆಯಿಂದ 1987ರಲ್ಲಿ ವರ್ಣಿಸಿದ ಆಲ್ವಾಕೇರಿಯ ಅಂಥದೊಂದು ಪುಟ್ಟ ಡೈನೋಸಾರ್. ಆದರೆ ಆ ಹೆಸರಿನಡಿ ಇರಿಸಿದ ಮೂಳೆಗಳಲ್ಲಿ ಬೇರೆ ಪ್ರಾಣಿಗಳವೂ ಬೆರೆತಿವೆ ಎಂದು ಮುಂದಿನ ಪರಿಶೀಲನೆ ತೋರಿಸಿತು. ಡೈನೋಸಾರ್‌ನದೇ ಎಂದು ಆ ಪರಿಶೀಲನೆ ನಡೆಸಿದವರು ಒಪ್ಪಿದ್ದು ತೊಡೆಮೂಳೆಯನ್ನೂ ಪಾದದ ಕೀಲಿನ ಮೂಳೆಯನ್ನೂ.