ಕೆಟಲೋನಿಯಾದ ಹಕ್ಕಿ ಹಾಡು ನಮ್ಮ ಪಿಟೀಲಿನಲ್ಲಿ: ಕೆಲಸ ಎಲ್ಲಿಗೆ ಬಂತು

ಸ್ಪೇನಿನ ಕೆಟಲೋನಿಯಾ ಪ್ರಾಂತ್ಯದ 'ಎಲ್ ಕಾಂತ್ ದೆಲ್ಸ್ ಒಸೆಲ್ಸ್', ಅಂದರೆ ಹಕ್ಕಿಗಳ ಹಾಡು ಎಂಬ ಜನಪದ ಗೀತೆಯನ್ನು ಪಿಟೀಲಿನಲ್ಲಿ ನುಡಿಸಬೇಕು ಅಂತ ಹಿಡಿದ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಸ್ವರಗಳೆಲ್ಲ ಕೈಗೆ ಹತ್ತಿವೆ, ನೋಟೇಶನ್ ನೋಡದೆ ಪೂರ್ತಿ ಬರುತ್ತದೆ. ಉಳಿದಿರುವುದು ಹೇಗೆ ನುಡಿಸಬೇಕು ಅನ್ನುವ ಪ್ರಶ್ನೆ. ಅದಕ್ಕಾಗಿ ಮೈಸೂರಿನ ನಮ್ಮ ಮನೆಗೆ ಬಂದುಹೋಗುವವರನ್ನೆಲ್ಲ ಕೂರಿಸಿಕೊಂಡು ನುಡಿಸಿ, ಅವರು ಅಂದದ್ದನ್ನು ಬರೆದಿಟ್ಟುಕೊಳ್ಳುತ್ತಾ ಬಂದೆ. ಒಂದೇ ಹಾಡನ್ನು ಜನ ಇಷ್ಟು ಬೇರೆ ಬೇರೆಯಾಗಿ ಕೇಳುತ್ತಾರೆ ಅನ್ನುವುದು ನನಗೆ ಈ ಕೆಲಸದ ದೊಡ್ಡ ಲಾಭ.

ಮೊದಲು ಹಾಡಿನ ಸಂಗತಿ. ಇದು ಕ್ರಿಸ್‌ಮಸ್ ಹಾಡು. ಯೇಸು ಹುಟ್ಟಿದ ರಾತ್ರಿ ಆಕಾಶದಲ್ಲಿ ದೊಡ್ಡ ಬೆಳಕು ಮೂಡುತ್ತದೆ. ಅದನ್ನು ಕಂಡ ಹಕ್ಕಿಗಳು ಸರದಿಯ ಮೇಲೆ ಬಂದು ತಮ್ಮ ತಮ್ಮ ಮಾತು ಹೇಳುತ್ತವೆ. ಹದ್ದು ಮೇಲಕ್ಕೇರುತ್ತಾ ಸುದ್ದಿ ಸಾರುತ್ತದೆ. ಗುಬ್ಬಿ ಅದಕ್ಕೆ ಉತ್ತರ ಕೊಟ್ಟು, ಇವತ್ತು ಹಬ್ಬದ ರಾತ್ರಿ ಅನ್ನುತ್ತದೆ. ಮರವೆಲ್ಲ ಚಿಗುರಿದೆ, ಕೊಂಬೆ ಕೊಂಬೆಯೂ ಹೂ ಬಿಟ್ಟಿದೆ, ವಸಂತ ಬಂದ ಹಾಗಿದೆ ಅನ್ನುವುದು ಗೋಲ್ಡ್‌ಫಿಂಚ್ ಎಂಬ ಪುಟ್ಟ ಹಕ್ಕಿ. ಕೌಜುಗ ಆ ಕೊಟ್ಟಿಗೆಯಲ್ಲೇ ಗೂಡು ಕಟ್ಟುತ್ತೇನೆ ಅನ್ನುತ್ತದೆ, ಮೇರಿಯ ತೋಳಲ್ಲಿ ನಡುಗುತ್ತಿರುವ ಮಗುವನ್ನು ನೋಡಬೇಕಂತೆ ಅದಕ್ಕೆ. ಗೂಬೆಗಳು ಮಾತ್ರ ಆ ಬೆಳಕು ತಡೆಯಲಾರದೆ ಹಿಂದೆ ಸರಿಯುತ್ತವೆ.

ಇಷ್ಟೆಲ್ಲ ಸಂಭ್ರಮ ಇರುವ ಸಾಹಿತ್ಯಕ್ಕೆ ಕೂತಿರುವ ಮಟ್ಟು ಮೈನರ್ ಸ್ಕೇಲಿನದು, ಅಂದರೆ ಸಾಮಾನ್ಯವಾಗಿ ದುಃಖದ ಛಾಯೆ ಕೊಡುವ ಪಾಶ್ಚಾತ್ಯ ಸ್ವರಶ್ರೇಣಿಯದು, ನಿಧಾನದ್ದು. ಎಲ್ಲ ಭಿನ್ನಾಭಿಪ್ರಾಯವೂ ಶುರುವಾಗುವುದು ಇಲ್ಲೇ.

ಹೊರಜಗತ್ತು ಈ ಹಾಡನ್ನು ಕೇಳಿದ್ದು ಹೆಚ್ಚಾಗಿ ಮಾತಿಲ್ಲದೆ, ಪಾವ್ ಕಸಾಲ್ಸ್ ಎಂಬ ಕೆಟಲೋನಿಯಾದ ವಾದಕರ ಚೆಲ್ಲೋದಲ್ಲಿ, ಅಂದರೆ ಪಿಟೀಲಿನ ಬಳಗದ ದೊಡ್ಡ, ತಗ್ಗು ದನಿಯ ವಾದ್ಯದಲ್ಲಿ. 1876ರಲ್ಲಿ ಎಲ್ ವೆಂದ್ರೆಲ್ ಎಂಬ ಊರಲ್ಲಿ ಹುಟ್ಟಿದ ಕಸಾಲ್ಸ್, 1939ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋ ಗೆದ್ದು ಸರ್ವಾಧಿಕಾರಿಯಾದ ಮೇಲೆ ಗಡಿಯಾಚೆ ಫ್ರಾನ್ಸಿನ ಪ್ರಾದ್‌ನಲ್ಲಿ ನೆಲೆ ನಿಂತರು. ಆಮೇಲೆ ಅವರ ಕಛೇರಿಗಳ ಕೊನೆಗೆ ಈ ಹಾಡು ಬರುವುದು ವಾಡಿಕೆಯಾಯಿತು. 1961ರ ನವೆಂಬರ್ 13ರಂದು ವೈಟ್ ಹೌಸಿನಲ್ಲಿ ಕೆನಡಿಯವರ ಮುಂದೆ ನುಡಿಸಿದರು. 1971ರ ಅಕ್ಟೋಬರ್ 24ರಂದು, 94ನೇ ವಯಸ್ಸಿನಲ್ಲಿ, ವಿಶ್ವಸಂಸ್ಥೆಯಲ್ಲಿ ನುಡಿಸಿದಾಗ ನಮ್ಮ ಹಕ್ಕಿಗಳು ಆಕಾಶದಲ್ಲಿ ಶಾಂತಿ, ಶಾಂತಿ, ಶಾಂತಿ ಅಂತ ಹಾಡುತ್ತವೆ ಅಂದರು. ತೀರಿಕೊಂಡದ್ದು 1973ರಲ್ಲಿ, ದೂರದ ಪೋರ್ಟೊರಿಕೋದಲ್ಲಿ. ಫ್ರಾಂಕೋ ಹೋದ ನಂತರವೇ, 1979ರಲ್ಲಿ, ಅವರ ಅವಶೇಷವನ್ನು ಹುಟ್ಟೂರಿಗೆ ತಂದರು.

ಹಾಗಾಗಿ ಅದರ ಸ್ವಂತ ನೆಲದಲ್ಲೂ ಈ ಹಾಡಿಗೆ ಒಂದೇ ಮುಖ ಇಲ್ಲ. ಡಿಸೆಂಬರಿನಲ್ಲಿ ಮಕ್ಕಳು ಹಾಡುವ ಹಾಡೂ ಇದೇ, ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ಮೌನಾಚರಣೆಯ ಹೊತ್ತಿಗೆ ಚೆಲ್ಲೋದಲ್ಲಿ ಬರುವುದೂ ಇದೇ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಸಮಾರೋಪದಲ್ಲಿ ವಿಕ್ಟೋರಿಯಾ ದೆ ಲೋಸ್ ಆಂಖೆಲೆಸ್ ಹಾಡಿದರು. 2017ರ ಆಗಸ್ಟಿನಲ್ಲಿ ಬಾರ್ಸಿಲೋನಾದ ಭಯೋತ್ಪಾದಕ ದಾಳಿಯ ನಂತರ ಲಕ್ಷಾಂತರ ಜನ ಬೀದಿಗಿಳಿದಾಗಲೂ ಕೊನೆಗೆ ಇದನ್ನೇ ನುಡಿಸಿದರು. ಇನ್ನೂ ಹಿಂದೆ ಹೋದರೆ, 18ನೇ ಶತಮಾನದ ಸ್ಪೇನಿನ ಉತ್ತರಾಧಿಕಾರದ ಯುದ್ಧದ ಕಾಲದಲ್ಲಿ, ಆಸ್ಟ್ರಿಯಾದ ರಾಜಕುಮಾರ ಚಾರ್ಲ್ಸ್ ಹಡಗಿನಲ್ಲಿ ಬಂದಿಳಿದದ್ದನ್ನು ಹಕ್ಕಿಗಳು ಕೊಂಡಾಡುವ ಪಾಠಾಂತರವೂ ಸಿಗುತ್ತದೆ.

ಜೂನ್: ಏನೂ ಹೇಳದೆ ನುಡಿಸಿದ್ದು

ಚೆಲ್ಲೋದ ಎ ಮೈನರನ್ನು ನನ್ನ ಶ್ರುತಿಗೆ ತಂದುಕೊಂಡೆ. ಪಂಚಮದಿಂದ ಷಡ್ಜಕ್ಕೆ ಹೋಗುವಾಗ ಸಾಧ್ಯವಾದಷ್ಟೂ ಕಮಾನು ತಿರುಗಿಸದೆ ಎಳೆಯಬೇಕು, ಇಲ್ಲದಿದ್ದರೆ ಸಾಲು ತುಂಡಾಗುತ್ತದೆ. ಇನ್ನೊಂದು ಕಷ್ಟ ಎಡಗೈಯದು. ನಮ್ಮ ಅಭ್ಯಾಸದ ಬೆರಳು ಗಾಂಧಾರಕ್ಕೆ ಬಂದ ತಕ್ಷಣ ಗಮಕ ಹಾಕಲು ಹೊರಡುತ್ತದೆ. ಸ್ವರವನ್ನು ನೆಟ್ಟಗೆ ನಿಲ್ಲಿಸಿ, ಅಲುಗಾಡಿಸದೆ ಬಿಡುವುದನ್ನು ಬೆಳಗಿನ ಸಾಧಕದಲ್ಲಿ ಬೇರೆಯಾಗಿ ಮಾಡಬೇಕಾಯಿತು.

ಮೊದಲ ಕೇಳುಗರು ನನ್ನ ಪಿಟೀಲು ಮೇಷ್ಟ್ರು. ಹಾಡಿನ ಹೆಸರು ಹೇಳಲಿಲ್ಲ. ಕಣ್ಣು ಮುಚ್ಚಿ ಕೇಳಿ, "ಕೀರವಾಣಿ ಛಾಯೆ ಇದೆಯಲ್ಲಯ್ಯಾ. ಗಾಂಧಾರ ಯಾಕೆ ಹಾಗೆ ಒಣಗಿಸಿದೀಯ? ಸ್ವಲ್ಪ ಆಡಿಸು," ಅಂದರು. ಪಶ್ಚಿಮದವರು ಹಾರ್ಮಾನಿಕ್ ಮೈನರ್ ಅನ್ನುವುದರ ಸ್ವರಗಳೇ ನಮ್ಮ 21ನೇ ಮೇಳವಾದ ಕೀರವಾಣಿಯ ಸ್ವರಗಳು, ಆದ್ದರಿಂದ ಅವರ ಕಿವಿ ಅಲ್ಲಿಗೆ ಹೋದದ್ದು ಸಹಜ. ಅವರು ಹೇಳಿದ ಹಾಗೆ ಆಡಿಸಿಯೂ ನೋಡಿದೆ. ಕೇಳಲು ಸೊಗಸಾಗಿತ್ತು, ಆದರೆ ಹಕ್ಕಿಗಳು ಹೋಗಿ ಕಛೇರಿ ಬಂದಿತ್ತು. ಮೇಷ್ಟ್ರಿಗೂ ಹಾಗೇ ಹೇಳಿದೆ. ಅವರು ನಕ್ಕು, "ಹಾಗಾದ್ರೆ ನೆಟ್ಟಗೇ ಇರಲಿ, ಆದರೆ ಶ್ರುತಿ ಒಂದು ಕೂದಲಷ್ಟೂ ಜಾರಬಾರದು," ಅಂದರು.

ಪಕ್ಕದ ಮನೆಯ ಆಂಟಿ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಪ್ರತಿ ಡಿಸೆಂಬರಿನಲ್ಲಿ ನಮ್ಮ ಮನೆಗೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಬರುವುದು ಅವರಿಂದಲೇ. ಅವರು ಕೇಳಿ ತುಸು ಹೊತ್ತು ಸುಮ್ಮನಿದ್ದು, "ಶುಭ ಶುಕ್ರವಾರದ್ದಾ ಇದು?" ಅಂದರು. ಗುಡ್ ಫ್ರೈಡೇ, ಯೇಸು ಶಿಲುಬೆಯ ಮೇಲೆ ತೀರಿಕೊಂಡ ದಿನ ಅದು. ಇಲ್ಲ ಆಂಟಿ, ಕ್ರಿಸ್‌ಮಸ್‌ದು ಅಂದೆ. "ಕ್ರಿಸ್‌ಮಸ್ಸಿಗೆ ಯಾರಾದ್ರೂ ಹೀಗೆ ಅಳಿಸ್ತಾರಾ ಮಾರಾಯ್ರೆ!" ಅಂತ ನಿಜವಾಗಿಯೂ ಬೇಜಾರು ಮಾಡಿಕೊಂಡರು. ಅದು ನನ್ನ ಮನಸ್ಸಿಗೆ ತಟ್ಟಿತು. ಅವರ ಹಬ್ಬದ ಹಾಡನ್ನು ಅವರೇ ಗುರುತಿಸದ ಹಾಗೆ ನುಡಿಸುವುದಾದರೆ, ನಾನು ನುಡಿಸುತ್ತಿರುವುದು ಕಸಾಲ್ಸ್ ಅವರ ದುಃಖವನ್ನು ಮಾತ್ರ. ಆ ದುಃಖಕ್ಕೆ ಕಾರಣ ಇತ್ತು, ಊರು ಬಿಟ್ಟವರ ಹಾಡಾಗಿ ಅದು ದೊಡ್ಡದು. ಆದರೆ ಅದಕ್ಕಿಂತ ಹಿಂದೆ ಇದು ಗುಬ್ಬಿಯದೂ ಕೌಜುಗದ್ದೂ ಆಗಿತ್ತು.

ಜುಲೈ, ಆಗಸ್ಟ್: ಹಕ್ಕಿಗಳ ಸಾಲು ಹೇಳಿ ನುಡಿಸಿದ್ದು

ಹಾಗಾಗಿ ಕ್ರಮ ಬದಲಿಸಿದೆ. ಒಂದೊಂದು ಚರಣಕ್ಕೂ ಮುಂಚೆ ಈಗ ಬರುವ ಹಕ್ಕಿ ಯಾವುದು, ಅದು ಏನನ್ನುತ್ತದೆ ಅಂತ ಎರಡು ಮಾತು ಹೇಳಿ ನುಡಿಸತೊಡಗಿದೆ. ಮಟ್ಟು ಅದೇ, ವೇಗವೂ ಅದೇ. ಕೇಳುವವರ ಮುಖ ಮಾತ್ರ ಬೇರೆಯಾಯಿತು. ನಾಲ್ಕನೇ ಕ್ಲಾಸಿನ ಅಣ್ಣನ ಮಗ ಗುಬ್ಬಿ ಚರಣಕ್ಕೆ, "ಗುಬ್ಬಿ ಇಷ್ಟ್ ನಿಧಾನ ಮಾತಾಡಲ್ಲ ಚಿಕ್ಕಪ್ಪ," ಅಂತ ತಕರಾರು ತೆಗೆದ. ಹದ್ದಿಗೆ ಕಮಾನು ಉದ್ದ, ಗುಬ್ಬಿಗೆ ತುಂಡು ತುಂಡು ಇರಲಿ ಅಂತ ಅವನೇ ತೀರ್ಮಾನ ಕೊಟ್ಟ. ಪ್ರಯತ್ನಿಸಿದೆ, ಗುಬ್ಬಿ ಚರಣ ಈಗ ಬಿಡಿ ಕಮಾನಿನಲ್ಲೇ ಇದೆ.

ಆಂಟಿಯನ್ನು ಮತ್ತೆ ಕರೆದೆ. ಮರ ಚಿಗುರುವ ಚರಣ ಮುಗಿಯುವ ಹೊತ್ತಿಗೆ ಅವರು ಗುನುಗುತ್ತಿದ್ದರು. "ಈಗ ಸರಿಯಾಯ್ತು ನೋಡಿ," ಅಂದರು.

ಇಷ್ಟಾದಾಗ ಕೆಲಸ ಮುಗಿಯಿತು, ಮಾತು ಹೇಳಿದರೆ ಸಂತೋಷ, ಹೇಳದಿದ್ದರೆ ದುಃಖ ಅಂತ ಬರೆದಿಡುವವನಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಬಂದರು.

ದೊಡ್ಡಮ್ಮ ಚಾಮರಾಜನಗರದ ಕಡೆಯವರು, ಮನೆತನದ ಬಾಣಂತನಗಳನ್ನೆಲ್ಲ ಮಾಡಿದ ಕೈ. ಹದ್ದಿನ ಚರಣಕ್ಕೆ ತಲೆದೂಗಿದರು, ಗುಬ್ಬಿಗೆ ನಕ್ಕರು. ಕೌಜುಗದ ಮಾತು ಹೇಳಿದ ಕೂಡಲೇ, "ತಡಿ ತಡಿ. ಕೂಸು ನಡುಗ್ತಾ ಅದೆ ಅಂದ್ಯಲ್ಲ, ಯಾಕೆ?" ಅಂದರು. ಚಳಿಗಾಲ ದೊಡ್ಡಮ್ಮ, ಕೊಟ್ಟಿಗೆಯಲ್ಲಿ ಹುಟ್ಟಿದ್ದು ಅಂದೆ. "ಹೊದಿಸೋಕೆ ಯಾರೂ ಇರ್ನಿಲ್ವಾ? ಆ ಬಾಣಂತಿಗೆ ಬಿಸಿನೀರು ಯಾರು ಕೊಟ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಚರಣ ನುಡಿಸಿದೆ. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾತು ತಿಳಿದವರಲ್ಲಿ ಅತ್ತವರು ಅವರೊಬ್ಬರೇ, ಮಾತು ತಿಳಿದದ್ದರಿಂದಲೇ ಅತ್ತರು. "ಹಕ್ಕಿಗಳು ಬಂದು ಕುಂತ್ಕಂಡಿದ್ದು ಕಾವು ಕೊಡಕ್ಕೆ ಕಣಪ್ಪ. ಕೌಜುಗ ಸುಮ್ನೆ ಅಲ್ಲಿ ಗೂಡು ಕಟ್ಟಾದಾ?" ಅಂದರು. ಆಮೇಲೆ ಇನ್ನೊಂದು ಮಾತು: "ಇದು ಸಾವಿನ ಹಾಡೂ ಅಲ್ಲ, ಕುಣಿಯೋ ಹಾಡೂ ಅಲ್ಲ. ತೊಟ್ಲು ತೂಗೋದು. ಹಂಗೇ ಬಾರ್ಸು."

ನಾನು ಓದಿದ, ಕೇಳಿದ ಯಾವ ವಿವರಣೆಗಿಂತಲೂ ಈ ಮಾತು ಹಾಡಿನ ಒಳಕ್ಕೆ ಹೋಗಿದೆ ಅಂತ ನನ್ನ ನಂಬಿಕೆ. ಮೈನರ್ ಸ್ಕೇಲೂ ಸಂಭ್ರಮದ ಸಾಹಿತ್ಯವೂ ಯಾಕೆ ಒಟ್ಟಿಗೆ ನಿಲ್ಲುತ್ತವೆ ಅನ್ನುವುದು ಲಾಲಿ ಅಂದುಕೊಂಡರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಲಾಲಿಗಳಲ್ಲೂ ಮುದ್ದು ಮತ್ತು ಆತಂಕ ಬೇರೆ ಬೇರೆ ಇರುವುದಿಲ್ಲ. ಅವತ್ತು ಸಂಜೆಯೇ ವೇಗ ಬದಲಿಸಿದೆ. ಕಸಾಲ್ಸ್ ನುಡಿಸಿದ್ದಕ್ಕಿಂತ ಒಂದು ಚೂರು ಬೇಗ, ಸಾಲಿನ ಕೊನೆಯಲ್ಲಿ ಎಳೆಯದೆ, ತೂಗು ನಿಲ್ಲದ ಹಾಗೆ.

ಸೆಪ್ಟೆಂಬರ್: ಗೂಬೆ ಜಗಳ

ಕುಕ್ಕರಹಳ್ಳಿ ಕೆರೆಯಲ್ಲಿ ಹಕ್ಕಿ ನೋಡುವ ಗೆಳೆಯನಿಗೆ ರಾಗದ ಬಗ್ಗೆ ಏನೂ ಹೇಳುವುದಿರಲಿಲ್ಲ. ಅವನು ಕೇಳಿದ್ದು ಹಕ್ಕಿಗಳ ಪಟ್ಟಿ. ಗುಬ್ಬಿ ಅಲ್ಲಿಯದೂ ಇಲ್ಲಿಯದೂ ಒಂದೇ ಜಾತಿ ಅಂತ ಖುಷಿಪಟ್ಟ. ಗೋಲ್ಡ್‌ಫಿಂಚ್ ನಮ್ಮ ಕಡೆ ಇಲ್ಲ, ಆದರೆ ಆ ಜಾಗಕ್ಕೆ ಬೇರೆ ಹಕ್ಕಿ ತುರುಕಬೇಡ, ಅದು ಅಲ್ಲಿಯ ಮರದ ಹಕ್ಕಿ ಅಂದ. ಅದಕ್ಕೆ ನನ್ನದೂ ಒಪ್ಪಿಗೆ. ಗೂಬೆ ಚರಣಕ್ಕೆ ಬಂದಾಗ ಸಿಟ್ಟಾದ. ಹಾಡಿನ ಪುಟ್ಟ ಗೂಬೆ ನಮ್ಮ ಹಾಲಕ್ಕಿಯ ಹತ್ತಿರದ ನೆಂಟ, ಎರಡೂ ಅಥೀನೆ ಎಂಬ ಒಂದೇ ಕುಲದವು. "ಎಲ್ಲ ಹಕ್ಕಿಗೂ ಕರೆಯೋಲೆ, ಗೂಬೆಗೆ ಮಾತ್ರ ಬಾಗಿಲು ಬಂದ್. ಅಲ್ಲೂ ಇದೇ ಕಥೆ," ಅಂದ. ಗೂಬೆಯ ಬಗ್ಗೆ ಜನರ ಭಯದಿಂದ ಆ ಹಕ್ಕಿಗೆ ಆಗುವ ಹಿಂಸೆಯನ್ನು ಕಂಡವನು, ಆ ಮಾತಿನ ಹಿಂದೆ ನೋವಿತ್ತು.

ಅಲ್ಲೇ ಕೂತಿದ್ದ ದೊಡ್ಡಮ್ಮ ಒಪ್ಪಲಿಲ್ಲ. ಹಾಲಕ್ಕಿ ನುಡೀತೈತೆ ಅಂತಲೇ ಬುಡುಬುಡಿಕೆಯವರು ಬಾಗಿಲಿಗೆ ಬರುವುದು, ಅದು ಒಳ್ಳೇದನ್ನೂ ನುಡಿಯುವ ಹಕ್ಕಿ, ಅದನ್ನು ಯಾರೂ ಓಡಿಸಿಲ್ಲ, ಬೆಳಕು ಜಾಸ್ತಿಯಾಗಿ ತಾನೇ ಹೋಯಿತು ಅಂದರು. ಗೆಳೆಯ ಸೋಲಲಿಲ್ಲ, ದೊಡ್ಡಮ್ಮನೂ ಸೋಲಲಿಲ್ಲ. ಕಾಫಿ ಆರಿತು.

ನಾನು ಆ ಚರಣವನ್ನು ಬಿಡುವುದಿಲ್ಲ. ಕೆಲವರು ಅದನ್ನು ಬಿಟ್ಟೇ ಹಾಡುತ್ತಾರೆ, ಹಾಡು ಉದ್ದ ಅನ್ನುವುದು ನಿಜ. ಆದರೆ ಹಗಲಿನ ಹಕ್ಕಿಗಳಷ್ಟೇ ಇದ್ದರೆ ಅದು ರಾತ್ರಿಯ ಹಾಡು ಆಗುವುದಿಲ್ಲ. ಗೆಳೆಯನ ಮಾತಿಗೆ ಗೌರವ ಕೊಟ್ಟು ಗೂಬೆಗಳನ್ನು ಗೇಲಿಯ ದನಿಯಲ್ಲಿ ನುಡಿಸದೆ, ಮಂದ್ರದ ತಂತಿಯಲ್ಲಿ ಪೂರ್ತಿ ದನಿಯಿಂದ ನುಡಿಸುತ್ತಿದ್ದೇನೆ.

ಈಗ ಬಾಕಿ ಇರುವುದು

ಕಸಾಲ್ಸ್ ಅವರ ಜೋಡಣೆಯಲ್ಲಿ ಪಿಯಾನೋದವರು ಹಕ್ಕಿಗಳ ಚಿಲಿಪಿಲಿಯನ್ನು ಟ್ರಿಲ್‌ಗಳಲ್ಲಿ, ಅಂದರೆ ಪಕ್ಕಪಕ್ಕದ ಎರಡು ಸ್ವರಗಳನ್ನು ಬೇಗ ಬೇಗ ಅದಲುಬದಲು ಮಾಡುತ್ತಾ, ನುಡಿಸುತ್ತಾರೆ. ನಮ್ಮಲ್ಲಿ ಪಿಯಾನೋ ಇಲ್ಲ, ಕೊಳಲಿನವರೊಬ್ಬರು ಒಪ್ಪಿದ್ದಾರೆ. ಅವರಿಗೆ ಟ್ರಿಲ್ ಶುರುವಿನಲ್ಲಿ ಮಾತ್ರ ಸಾಕು ಅನ್ನಿಸುತ್ತದೆ, ನನಗೆ ಕೌಜುಗದ ಚರಣದ ಕೆಳಗೂ ಬೇಕು. ಮುಂದಿನ ವಾರ ಎರಡೂ ರೀತಿ ರೆಕಾರ್ಡ್ ಮಾಡಿ ಕೇಳುತ್ತೇವೆ.

ಡಿಸೆಂಬರಿನಲ್ಲಿ ಆಂಟಿಯ ಮನೆಯಲ್ಲಿ ನುಡಿಸುವುದು ಅಂತ ನಿಶ್ಚಯವಾಗಿದೆ. ಹಕ್ಕಿಗಳ ಮಾತನ್ನು ಈ ಸಲ ನಾನು ಹೇಳುವುದಿಲ್ಲ, ಆಂಟಿ ಕೊಂಕಣಿಯಲ್ಲಿ ಹೇಳುತ್ತಾರೆ, ಅಣ್ಣನ ಮಗ ಕನ್ನಡದಲ್ಲಿ. ಗುಬ್ಬಿ ಚರಣ ಇನ್ನಷ್ಟು ಬೇಗ ಬೇಕು ಅಂತ ಅವನ ಹಟ ಇನ್ನೂ ಇದೆ. ದೊಡ್ಡಮ್ಮನ ತೂಗಿಗೂ ಅವನ ಗುಬ್ಬಿಗೂ ಹೊಂದುವ ವೇಗ ಸಿಕ್ಕಿದ ಮೇಲೆ ಮುಂದಿನ ಭಾಗ ಬರೆಯುತ್ತೇನೆ.