ತುಟಿ ಒಂದು ಕಡೆ, ಮಾತು ಒಂದು ಕಡೆ

ಹಳೇ ಸಾಕ್ಷ್ಯಚಿತ್ರಗಳಲ್ಲಿ ತೆರೆ ಮೇಲಿನವರು ಬರೀ ಬಾಯಿ ಆಡಿಸುತ್ತಾರೆ; ಮಾತೆಲ್ಲ ಹಿನ್ನೆಲೆಯ ಗಂಭೀರ ಗಂಡುದನಿಯದು. ಥಿಯೇಟರಿನಲ್ಲಿ ಸಿನಿಮಾಕ್ಕೆ ಮೊದಲು ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಜನ್‌ನ ರೀಲು ನೋಡಿದವರಿಗೆ ಆ ದನಿಯ ಪರಿಚಯವಿದ್ದೇ ಇದೆ. ಸರ್ಕಾರಿ ಶೈಲಿ ಅಂತ ಬೈಯುವುದು ಸುಲಭ. ಆದರೆ ಅರ್ಧ ತಪ್ಪು ಯಂತ್ರದ್ದು.

1930ರ ದಶಕದಲ್ಲಿ ಧ್ವನಿ ಉಪಕರಣವೇ ಒಂದು ಲಾರಿಯಷ್ಟು. ಅಂಥದ್ದರಲ್ಲೂ 1935ರ 'ಹೌಸಿಂಗ್ ಪ್ರಾಬ್ಲಮ್ಸ್'ನಲ್ಲಿ ಲಂಡನ್ನಿನ ಕೊಳೆಗೇರಿಯವರು ತಮ್ಮ ಮನೆಯ ಇಲಿ, ತಿಗಣೆಗಳ ಕಾಟವನ್ನು ತಾವೇ ಹೇಳಿದರು. ಮರುವರ್ಷದ 'ನೈಟ್ ಮೇಲ್'ನ ಅಂಚೆ ಬೋಗಿ ಮಾತ್ರ ಸ್ಟುಡಿಯೋ ಸೆಟ್. ರೈಲು ಓಡುತ್ತಿದೆ ಅನ್ನಿಸಲು ನೌಕರರೇ ತೂಗಾಡಬೇಕಾಯಿತು.

ಯುದ್ಧದ ನಂತರ ಟೇಪ್ ರೆಕಾರ್ಡರ್ ಬಂತು. 16 ಎಂಎಂ ಕ್ಯಾಮೆರಾದ ಜೊತೆ ಅದನ್ನೂ ಓಡಿಸಿದರಾಯಿತಲ್ಲ? ಆಗದು. ಫಿಲ್ಮಿಗೆ ತೂತುಗಳಿವೆ, ಲೆಕ್ಕದಲ್ಲಿ ಸರಿಯುತ್ತದೆ. ಕಾಲು ಇಂಚಿನ ಟೇಪು ನುಣುಪು: ಜಾರುತ್ತದೆ, ಹಿಗ್ಗುತ್ತದೆ. 400 ಅಡಿಯ ರೀಲು ಸೆಕೆಂಡಿಗೆ 24 ಫ್ರೇಮಿನಂತೆ 11 ನಿಮಿಷ, ಸುಮಾರು 16,000 ಫ್ರೇಮು. ವೇಗದಲ್ಲಿ ಸಾವಿರಕ್ಕೊಂದು ವ್ಯತ್ಯಾಸವಾದರೂ ಕೊನೆಗೆ 16 ಫ್ರೇಮು ಆಚೀಚೆ. ಮೂರು ತಪ್ಪಿದರೇ ಕಣ್ಣಿಗೆ ಚುಚ್ಚುತ್ತದೆ.

ಇದಕ್ಕೆ ಮದ್ದು ಪೈಲಟ್ ಟೋನ್. ಕ್ಯಾಮೆರಾ ಮೋಟಾರಿಗೆ ಅಂಟಿದ ಪುಟ್ಟ ಜನರೇಟರು 50 ಅಥವಾ 60 ಹರ್ಟ್ಸ್ ಸಂಕೇತವನ್ನು ಕೇಬಲ್ ಮೂಲಕ ಟೇಪಿಗೆ ಕಳಿಸುತ್ತದೆ. ಮಾತನ್ನು ತೂತಿರುವ ಮ್ಯಾಗ್ನೆಟಿಕ್ ಫಿಲ್ಮಿಗೆ ಇಳಿಸುವಾಗ ಆ ಸಂಕೇತ ನೋಡಿಕೊಂಡು ವೇಗ ತಿದ್ದುತ್ತಾರೆ. 1958ರ ನಾಗ್ರಾ 3 ಎಂಬ ಟೇಪ್ ರೆಕಾರ್ಡರ್ ಈ ಕೆಲಸವನ್ನು ಹೆಗಲಿಗೆ ತಂದಿತು. ತೊಡಕೆಂದರೆ ಆ ಕೇಬಲ್ಲು. ಕ್ಯಾಮೆರಾದವನೂ ಧ್ವನಿಯವನೂ ಒಂದೇ ನೊಗದ ಎತ್ತುಗಳು. ನಡುವೆ ತಂತಿ ತುಂಡಾದರೆ ಸಂಕೇತವಿಲ್ಲ, ಎಡಿಟಿಂಗ್ ಮೇಜಿನಲ್ಲಿ ಕೈಯಿಂದಲೇ ಹೊಂದಿಸುವ ಪಾಡು. ಮುಂದೆ ಎರಡೂ ಕಡೆ ಗಡಿಯಾರದಂತೆ ನಿಖರವಾಗಿ ಮಿಡಿಯುವ ಕ್ವಾರ್ಟ್ಜ್ ಹರಳು ಕೂತು ತಂತಿ ಹೋಯಿತು. ಚಿತ್ರ, ಮಾತು ಎರಡನ್ನೂ ಜೋಡಿಸುವ ಶುರುವಿನ ಗುರುತಿಗೆ ಕ್ಲ್ಯಾಪ್ ಹೊಡೆದರೆ ಎದುರಿನವರು ಬೆಚ್ಚುತ್ತಾರೆ. ಲೆನ್ಸ್ ಎದುರು ಮೈಕನ್ನು ಬೆರಳಲ್ಲಿ ತಟ್ಟಿದರೂ ನಡೆಯುತ್ತದೆ.

1961ರ ಫ್ರೆಂಚ್ ಚಿತ್ರ 'ಕ್ರಾನಿಕ್ ದ್'ಅನ್ ಎತೆ'ಯಲ್ಲಿ ಮಾರ್ಸೆಲಿನ್ ಲೋರಿದಾನ್ ನಾಗ್ರಾ ಹೊತ್ತು, ಬಟ್ಟೆಗೆ ಮೈಕು ಸಿಕ್ಕಿಸಿಕೊಂಡು ಪ್ಯಾರಿಸ್ಸಿನಲ್ಲಿ ಒಬ್ಬಳೇ ನಡೆಯುತ್ತಾಳೆ. ನಾಜಿ ಶಿಬಿರದಿಂದ ಮರಳದ ಅಪ್ಪನೊಡನೆ ಮಾತಾಡುತ್ತಾಳೆ. ಕ್ಯಾಮೆರಾ ದೂರ ಸರಿದು ಅವಳು ಚುಕ್ಕಿಯಾಗುತ್ತಾಳೆ, ದನಿ ಮಾತ್ರ ಕಿವಿಯ ಪಕ್ಕದಲ್ಲೇ.

ನಮ್ಮಲ್ಲಿ ಹಿನ್ನೆಲೆ ದನಿ ಉಳಿಯಲು ಇನ್ನೊಂದು ಕಾರಣವಿತ್ತು: ಅದೇ ಚಿತ್ರಕ್ಕೆ ಕನ್ನಡ, ತಮಿಳು, ಬಂಗಾಳಿ ಮಾತು ಕೂರಿಸಬೇಕು, ತುಟಿ ಕಂಡರೆ ಅದು ಕಷ್ಟ. ಹಾಗಿದ್ದೂ 1967ರಲ್ಲಿ ಎಸ್.ಎನ್.ಎಸ್. ಶಾಸ್ತ್ರಿ 'ಐ ಆ್ಯಮ್ 20'ಯಲ್ಲಿ ಇಪ್ಪತ್ತರ ಹುಡುಗ ಹುಡುಗಿಯರನ್ನೇ ಮಾತಾಡಲು ಬಿಟ್ಟರು, ಅದೂ ಫಿಲ್ಮ್ಸ್ ಡಿವಿಜನ್ನಿನಲ್ಲೇ.